ಏಳು ತುಂಬುವುದರೊಳಗೆ ಮಗುವಿನ ಹಲ್ಲಿನ ಸಾಲು ಒಮ್ಮೆ ತೋರಿಸಿ

"ಕ್ಲಿಪ್ ಹಾಕಿಸೋದು ಹನ್ನೆರಡು ಹದಿಮೂರಕ್ಕೆ ಅಲ್ವಾ? ಈಗಲೇ ಯಾಕೆ?" ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ನಿಜ, ಹೆಚ್ಚಿನ ಮಕ್ಕಳಿಗೆ ಕ್ಲಿಪ್ ಆ ವಯಸ್ಸಿಗೇ. ಆದರೆ ತೋರಿಸುವುದು ಬೇರೆ, ಹಾಕಿಸುವುದು ಬೇರೆ. ಮೊದಲ ತಪಾಸಣೆ 7 ವರ್ಷದೊಳಗೆ ಆಗಲಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ (ಹಲ್ಲಿನ ಸಾಲು ಸರಿಪಡಿಸುವ ಡಾಕ್ಟರುಗಳ) ಸಂಘ ಹೇಳುತ್ತದೆ. ಆ ಹೊತ್ತಿಗೆ ಮೊದಲ ಶಾಶ್ವತ ದವಡೆ ಹಲ್ಲು ಬಂದಿರುತ್ತದೆ, ದವಡೆಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹೆಚ್ಚಿನ ತೊಂದರೆಗಳು ಕಾಯಬಲ್ಲವು. ಕಾಯದ ಕೆಲವನ್ನು ಹಿಡಿಯಬೇಕು, ಅಷ್ಟೇ.

ಮೊದಲು ಮನೆಯಲ್ಲೇ ನೋಡಿ

ಮಗುವನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ. "ಹಲ್ಲು ಕಚ್ಚು" ಎಂದರೆ ಮಕ್ಕಳು ಕೆಳದವಡೆಯನ್ನು ಮುಂದಕ್ಕೆ ತಂದು ಮುಂದಿನ ಹಲ್ಲು ಜೋಡಿಸಿ ತೋರಿಸುತ್ತವೆ. ಹಾಗಾಗಿ ಎಂಜಲು ನುಂಗಿ, ಹಿಂದಿನ ಹಲ್ಲು ಕಚ್ಚಿಕೊಂಡೇ ಇರು ಎನ್ನಿ. ಈಗ ತುಟಿ ಸರಿಸಿ ನೋಡಿ.

ಡಬ್ಬಿಗೆ ಮುಚ್ಚಳ ಕೂತ ಹಾಗೆ ಮೇಲಿನ ಸಾಲು ಕೆಳಗಿನ ಸಾಲಿನ ಹೊರಗೆ ಕೂರಬೇಕು. ಒಂದು ಕಡೆ ಮೇಲಿನ ಹಲ್ಲು ಒಳಗೆ ಕೂತಿದೆಯಾ? ಬಾಯಿ ತೆರೆಸಿ, ನಿಧಾನವಾಗಿ ಮುಚ್ಚಲು ಹೇಳಿ, ಗಲ್ಲವನ್ನೇ ಗಮನಿಸಿ. ಕೊನೇ ಗಳಿಗೆಯಲ್ಲಿ ಗಲ್ಲ ಪಕ್ಕಕ್ಕೆ ಜಾರಿದರೆ ಮಗು ಹಲ್ಲು ಕೂಡಿಸಲು ದವಡೆಯನ್ನೇ ಸರಿಸುತ್ತಿದೆ ಎಂದರ್ಥ. ಇದನ್ನು ಹಾಗೇ ಬಿಟ್ಟರೆ ದವಡೆ ಓರೆಯಾಗಿ ಬೆಳೆಯಬಹುದು. ಏನನ್ನು ಮುಂದೂಡಿದರೂ ಇದನ್ನು ಮುಂದೂಡಬೇಡಿ. ಕೆಳಗಿನ ಮುಂದಿನ ಹಲ್ಲು ಮೇಲಿನದಕ್ಕಿಂತ ಮುಂದಿದ್ದರೂ ಅಷ್ಟೇ, ಬೇಗ ತೋರಿಸಿ. ಮೇಲಿನ ಹಲ್ಲು ತುಟಿ ಮುಚ್ಚದಷ್ಟು ಉಬ್ಬಿದ್ದರೆ ಆಟದಲ್ಲಿ ಬಿದ್ದಾಗ ಮೊದಲು ಮುರಿಯುವುದು ಅವೇ.

ಅಭ್ಯಾಸ ಗಮನಿಸಿ

ನಾಲ್ಕು ವರ್ಷ ಕಳೆದರೂ ಬೆರಳು ಚೀಪುವುದು ಬಿಡದಿದ್ದರೆ ಮುಂದಿನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಬೆರಳಿನಷ್ಟೇ ಸಂದಿ ಬೀಳಬಹುದು. ದಯವಿಟ್ಟು ಬೈಯಬೇಡಿ, ಬೈದರೆ ಜಾಸ್ತಿಯಾಗುತ್ತದೆ. ಚೀಪದ ದಿನ ಮೆಚ್ಚಿ ಮಾತಾಡಿ. ರಾತ್ರಿ ಬಾಯಿ ತೆರೆದು ಉಸಿರಾಡುತ್ತದೆ, ಗೊರಕೆ ಹೊಡೆಯುತ್ತದೆ ಎಂದಾದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೂ ತೋರಿಸಿ.

ಹಾಲುಹಲ್ಲು ಉಳಿಸಿ

"ಹೇಗೂ ಬಿದ್ದು ಹೋಗುತ್ತೆ ಬಿಡಿ" ಎನ್ನುವ ಮಾತಿನಿಂದ ಹಾಳಾದ ಸಾಲುಗಳು ಎಷ್ಟೋ. ಹಾಲಿನ ದವಡೆ ಹಲ್ಲು 10ರಿಂದ 12 ವರ್ಷದವರೆಗೆ ಇರಬೇಕು. ಅದು ತನ್ನ ಜಾಗದಲ್ಲಿ ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುತ್ತದೆ. ಹುಳುಕಾಗಿ ಬೇಗ ತೆಗೆಸಿದರೆ ಹಿಂದಿನ ಹಲ್ಲು ವಾಲಿಕೊಂಡು ಆ ಜಾಗಕ್ಕೆ ಬರುತ್ತದೆ. ತೆಗೆಸಲೇಬೇಕಾದರೆ, ಜಾಗ ಹಿಡಿದಿಡುವ ಸ್ಪೇಸ್ ಮೇಂಟೇನರ್ ಬೇಕಾ ಎಂದು ಅದೇ ದಿನ ಕೇಳಿ. ಇನ್ನೊಂದು ವಿಷಯ: ಆರನೇ ವರ್ಷಕ್ಕೆ ಬರುವ ದವಡೆ ಹಲ್ಲು ಯಾವ ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಅದು ಹಾಲುಹಲ್ಲಲ್ಲ, ಜೀವನಪೂರ್ತಿ ಬೇಕಾದದ್ದು. ಬ್ರಷ್ ಅಲ್ಲಿಯವರೆಗೂ ಹೋಗಲಿ.

ಕೆಲವಕ್ಕೆ ಸುಮ್ನೆ ಹೆದರುವುದು ಬೇಡ. ಹಾಲುಹಲ್ಲುಗಳ ನಡುವೆ ಸಂದಿ ಇದ್ದರೆ ಒಳ್ಳೆಯದೇ, ಮುಂದೆ ಬರುವ ದೊಡ್ಡ ಹಲ್ಲಿಗೆ ಆ ಜಾಗ ಬೇಕು. ಎಂಟೊಂಬತ್ತರ ವಯಸ್ಸಿನಲ್ಲಿ ಮೇಲಿನ ಎರಡು ಮುಂಭಾಗದ ಹಲ್ಲುಗಳ ನಡುವಿನ ಸಂದಿ ಕೋರೆಹಲ್ಲು ಇಳಿದಾಗ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಕೆಳಗೆ ಹಾಲುಹಲ್ಲಿನ ಹಿಂದೆ ಹೊಸ ಹಲ್ಲು ಹುಟ್ಟಿದರೂ ಅಷ್ಟೇ. ಹಾಲುಹಲ್ಲು ಅಲುಗಾಡುತ್ತಿದ್ದರೆ ಕಾಯಿರಿ, ಅಲುಗಾಡದಿದ್ದರೆ ತೋರಿಸಿ.

ಡಾಕ್ಟರ ಹತ್ತಿರ

ಎಕ್ಸ್‌ರೇ ನೋಡಿ ಹೆಚ್ಚಿನ ಮಕ್ಕಳಿಗೆ "ಆರು ತಿಂಗಳು ಅಥವಾ ವರ್ಷ ಬಿಟ್ಟು ಬನ್ನಿ" ಎನ್ನುತ್ತಾರೆ. ಚಿಕಿತ್ಸೆ ಈಗಲೇ ಬೇಕೆಂದರೆ ಎರಡು ಪ್ರಶ್ನೆ ಕೇಳಿ: ಕಾದರೆ ಏನು ಕೆಡುತ್ತದೆ? ಮುಂದೆ ಮತ್ತೆ ಕ್ಲಿಪ್ ಬೇಕಾಗುತ್ತದಾ? ಎರಡನೆಯದಕ್ಕೆ ಬಹಳ ಸಲ "ಹೌದು" ಎಂದೇ ಬರುತ್ತದೆ, ಬೇಸರ ಬೇಡ. ಈಗಿನದು ದವಡೆಗೆ, ಆಮೇಲಿನದು ಹಲ್ಲಿಗೆ.

ಮೇಲ್ದವಡೆ ಕಿರಿದಾಗಿದ್ದರೆ ಅಂಗುಳಕ್ಕೆ ಅದನ್ನು ಅಗಲಿಸುವ ಎಕ್ಸ್‌ಪ್ಯಾಂಡರ್ ಕೂರಿಸುತ್ತಾರೆ. ಅದರ ಸ್ಕ್ರೂ ತಿರುಗಿಸುವ ಕೆಲಸ ನಿಮ್ಮದು. ಮಗುವನ್ನು ತೊಡೆಯ ಮೇಲೆ ಮಲಗಿಸಿ, ಟಾರ್ಚ್ ಹಿಡಿಸಿ, ತೂತಿಗೆ ಕೀ ತೂರಿಸಿ. ಮುಂದಿನಿಂದ ಗಂಟಲಿನ ಕಡೆಗೆ, ಇನ್ನೊಂದು ತೂತು ಪೂರ್ತಿ ಕಾಣುವವರೆಗೆ ತಳ್ಳಿ. ಹೀಗೆ ಒಂದು ಸಲ ತಳ್ಳಿದರೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಅಗಲ. ದಿನಕ್ಕೆ ಎಷ್ಟು ಸಲ ಎಂಬುದನ್ನು ಡಾಕ್ಟರು ಹೇಳಿದಷ್ಟೇ ಮಾಡಿ, ಬರೆದಿಡಿ. ಕೆಲವು ದಿನಕ್ಕೆ ಮುಂದಿನ ಹಲ್ಲುಗಳ ನಡುವೆ ಸಂದಿ ತೆರೆದುಕೊಂಡರೆ ಗಾಬರಿ ಬೇಡ. ಅಂಗುಳದ ನಡುವಿನ ಬೆಸುಗೆ ಬಿಡುತ್ತಿರುವ ಗುರುತು ಅದು. ಹದಿಹರೆಯ ಮುಗಿಯುತ್ತಾ ಬಂದಂತೆ ಈ ಬೆಸುಗೆ ಗಟ್ಟಿಯಾಗುತ್ತದೆ, ಆಗ ಇಷ್ಟು ಸುಲಭವಲ್ಲ.

ಹತ್ತನೇ ವರ್ಷಕ್ಕೆ ಇನ್ನೊಮ್ಮೆ ಬೆರಳಿಟ್ಟು ನೋಡಿ. ಮೇಲಿನ ಹಾಲಿನ ಕೋರೆಹಲ್ಲಿನ ಮೇಲೆ, ವಸಡಿನಲ್ಲಿ, ಎರಡೂ ಕಡೆ ಉಬ್ಬು ಕೈಗೆ ಸಿಗಬೇಕು. ಒಂದೇ ಕಡೆ ಸಿಕ್ಕರೆ ಅಥವಾ ಎರಡೂ ಕಡೆ ಸಿಗದಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಡಾಕ್ಟರಿಗೆ ಹೇಳಿ. ಕೋರೆಹಲ್ಲು ದಾರಿ ತಪ್ಪಿ ಒಳಗೇ ಅಡ್ಡ ಹೋಗುತ್ತಿರಬಹುದು.