ಪಡಸಾಲೆಯ ಗೂಡಿಗೆ ಹೊಸ ಮುಖ

ಮನೆ ಅಲಂಕಾರದ ಫೋಟೊಗಳಲ್ಲಿ ಹಾಲ್‌ನ ಗೋಡೆಗೆ ಒಂದು ಫೈರ್‌ಪ್ಲೇಸ್, ಅಂದರೆ ಚಳಿ ಕಾಯಿಸುವ ಗೋಡೆ ಒಲೆ, ಇದ್ದೇ ಇರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನವರಿಗೆ ಅದು ಯಾಕೆ ಬೇಕು ಹೇಳಿ? ನಮ್ಮ ಹಳೇ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ದೀಪದ ಗೂಡು ಇದೆಯಲ್ಲ, ಅದೇ ಸಾಕು. ಎಷ್ಟೋ ಮನೆಗಳಲ್ಲಿ ಅದರ ಮುಂದೆ ಪ್ಲೈವುಡ್ ಹೊಡೆದು ಟಿವಿ ತೂಗು ಹಾಕಿದ್ದಾರೆ. ಟಿವಿಯನ್ನು ಪಕ್ಕದ ಗೋಡೆಗೆ ಕಳಿಸಿ, ಗೂಡನ್ನು ಹೊರಗೆ ತನ್ನಿ.

ಗೂಡನ್ನು ಅಗಲ ಮಾಡಲು ಮಾತ್ರ ಹೋಗಬೇಡಿ. ಮಾಳಿಗೆಯ ಮಣ್ಣು, ಜಂತಿ, ತೊಲೆಗಳ ಭಾರವೆಲ್ಲ ಆ ಗೋಡೆಯ ಮೇಲೆಯೇ ಇರುತ್ತದೆ. ಇದ್ದ ಅಳತೆಯಲ್ಲೇ ಚಂದ ಮಾಡಬೇಕು.

ಕೆಲಸ ಶುರುವಾಗುವುದು ಮಸಿಯಿಂದ. ವರ್ಷಗಟ್ಟಲೆ ದೀಪ ಉರಿದ ಗೂಡಿಗೆ ಒದ್ದೆ ಬಟ್ಟೆ ಹಾಕಿದರೆ ಮಸಿ ಇನ್ನಷ್ಟು ಹರಡುತ್ತದೆ. ಮೊದಲು ಒಣ ಬ್ರಷ್‌ನಲ್ಲಿ ಉದುರಿಸಿ, ಆಮೇಲೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಜಿಡ್ಡು ತೆಗೆಯಿರಿ. ಎಣ್ಣೆ ಕುಡಿದ ಗಾರೆಯನ್ನು ಉಳಿಸಿಕೊಂಡು ಉಪಯೋಗವಿಲ್ಲ. ಎಷ್ಟು ಬಳಿದರೂ ಹಳದಿ ಕಲೆ ಮೇಲೆ ಬರುತ್ತದೆ. ಅಷ್ಟನ್ನು ಕೆತ್ತಿಸಿಬಿಡಿ. ಆಯಿಲ್ ಪೇಂಟ್ ಇದ್ದರೆ ಅದನ್ನೂ ಕೆರೆಸಿ.

ಈಗ ಗಾರೆ. ಇಲ್ಲೇ ಜಾಸ್ತಿ ಜನ ಕೆಡಿಸಿಕೊಳ್ಳುವುದು. ಗೌಂಡಿ ಸುಮ್ನೆ ಸಿಮೆಂಟ್ ಮೆತ್ತೋಣ ಅಂತಾನೆ. ಒಪ್ಪಬೇಡಿ. ಮಣ್ಣು, ಸುಣ್ಣದ ಗೋಡೆ ತೇವವನ್ನು ಎಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ಮೆತ್ತಿದರೆ ಆ ತೇವ ಒಳಗೇ ಉಳಿದು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳ ಎದ್ದು ಬೀಳುತ್ತದೆ. ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಸೋಸಿದ ಮರಳು ಸಾಕು. ಲೈಟ್ ಬೇಕಿದ್ದರೆ ವೈರಿನ ಪೈಪನ್ನು ಗಾರೆಗೆ ಮೊದಲೇ ಕೂರಿಸಿ. ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಪದರ ಹಾಕಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ನಿಧಾನವಾಗಿ. ನಮ್ಮ ಬಿಸಿಲಿನಲ್ಲಿ ಬೇಗ ಒಣಗಿದರೆ ಬಿರುಕು ಗ್ಯಾರಂಟಿ. ಒಂದು ವಾರ ಒದ್ದೆ ಗೋಣಿಚೀಲ ಇಳಿಬಿಡಿ. ದೀಪಾವಳಿ ಕಳೆದ ಮೇಲೆ ಈ ಕೆಲಸ ಹಿಡಿದರೆ ಇನ್ನೂ ಒಳ್ಳೆಯದು.

ಗೂಡಿನ ತಳಕ್ಕೆ ಒಂದು ಕಲ್ಲು ಹಾಸಿಸಿ, ಗೋಡೆಯಿಂದ ಎರಡು ಇಂಚು ಮುಂದೆ ಬರಲಿ. ಫೈರ್‌ಪ್ಲೇಸಿನ ಮೇಲಿನ ಹಲಗೆಯ ಗತ್ತು ಇದರಿಂದಲೇ ಬರುತ್ತದೆ. ಕಡಪ ಕಲ್ಲು ಅಥವಾ ಶಹಾಬಾದ್ ಪರ್ಸಿ ಅಗ್ಗ. ಆದರೆ ಎರಡೂ ಸುಣ್ಣದ ಜಾತಿಯ ಕಲ್ಲು. ಹಿತ್ತಾಳೆ ದೀಪವನ್ನು ಹುಣಸೆಹಣ್ಣಿನಲ್ಲಿ ಅಲ್ಲೇ ತಿಕ್ಕಿದರೆ ಹುಳಿ ತಾಗಿ ಕಲ್ಲು ಮಂಕಾಗುತ್ತದೆ. ದಿನವೂ ದೀಪ ಹಚ್ಚುವವರು ಕುಷ್ಟಗಿ ಕಡೆಯ ಗ್ರಾನೈಟ್ ನೋಡಿ.

ಬಣ್ಣಕ್ಕೆ ಸುಣ್ಣವೇ ಸಾಕು. ಸುಣ್ಣದ ಹರಳು ತಂದರೆ ನೀರಿಗೆ ಹರಳನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿಯುತ್ತದೆ. ಕನ್ನಡಕ, ಕೈಗವಸು ಇರಲಿ, ಮಕ್ಕಳು ದೂರ ಇರಲಿ. ಕಣ್ಣಿಗೆ ಸಿಡಿದರೆ ತುಂಬಾ ಹೊತ್ತು ನೀರು ಹಾಕಿ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮರುದಿನ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಮೂರು ಕೋಟ್ ಬಳಿಯಿರಿ. ಒಂದೊಂದರ ನಡುವೆ ಒಂದು ದಿನ ಬಿಡಿ. ಹಸಿಯಿದ್ದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಗೂಡಿನ ಒಳಗೆ ಮಾತ್ರ ಕೆಮ್ಮಣ್ಣು ಬೆರೆಸಿದ ಸುಣ್ಣ ಬಳಿದರೆ ಸೊಗಸು. ಅದು ನನ್ನ ಇಷ್ಟ, ನಿಮಗೆ ಬಿಳಿಯೇ ಬೇಕಾದರೆ ಬಿಳಿ.

ಲೈಟಿಗೆ 2700ರಿಂದ 3000 ಕೆಲ್ವಿನ್‌ನ ಬೆಚ್ಚನೆ ಬಣ್ಣದ ಎಲ್‌ಇಡಿ ಪಟ್ಟಿ ತನ್ನಿ. ಗೂಡಿನ ಮೇಲಂಚಿನ ಹಿಂದೆ, ಪಟ್ಟಿ ಕಣ್ಣಿಗೆ ಬೀಳದಂತೆ ಅಂಟಿಸಿ. ಒಳಗೆ ಎಣ್ಣೆ ದೀಪ ಉರಿಯುವುದಾದರೆ ಈ ಪಟ್ಟಿ ಬೇಡವೇ ಬೇಡ. ದೀಪ, ವೈರು ಒಂದೇ ಗೂಡಿನಲ್ಲಿ ಇರಬಾರದು.

ಕೊನೆಗೆ ಒಂದೇ ಒಂದು ವಸ್ತು ಇಡಿ. ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆ ಇಂಥ ಗೂಡಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ, ಹಗುರ ಮರ, ಗಾಢ ಬಣ್ಣ. ಅದಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ, ಮೆತ್ತನೆ ಒಣ ಬ್ರಷ್ ಆಡಿಸಿದರೆ ಸಾಕು. ಸುಣ್ಣವನ್ನು ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಬಳಿಯುವಾಗಲೇ, ಒಂದು ಕೋಟ್ ಹೊಸದು ಮಾಡಿಕೊಳ್ಳಿ.