ಹಿಮದಲ್ಲಿ ಮೂಗು ಸುಟ್ಟುಕೊಂಡ ಬಾದಾಮಿಯವನು

ಕೇದಾರಕಂಠಕ್ಕೆ ಹೊರಡುವ ಮುಂಚೆ ಸಾಮಾನುಗಳ ಪಟ್ಟಿ ಬಂತು. ಅದರಲ್ಲಿ ಸನ್‌ಸ್ಕ್ರೀನ್ ನೋಡಿ ನಕ್ಕುಬಿಟ್ಟೆ. ನಾನು ಬಾದಾಮಿಯವನು. ಏಪ್ರಿಲ್ ಬಿಸಿಲಲ್ಲಿ ಕೆಂಪು ಬಂಡೆ ಹತ್ತಿದವನು. ಚಳಿ ಊರಿಗೆ ಹೋಗುವಾಗ ಇದೆಲ್ಲ ಯಾಕೆ, ಅಲ್ವಾ?

ಕೇದಾರಕಂಠ ಅನ್ನುವ ಶಿಖರ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. ಎತ್ತರ ಸುಮಾರು 12,500 ಅಡಿ. ನಮ್ಮ ಬಾದಾಮಿ 2,000 ಅಡಿಯೂ ಇಲ್ಲ. ಡೆಹ್ರಾಡೂನಿನಿಂದ ಪುರೋಲಾ, ಮೋರಿ ದಾಟಿ ಸಾಂಕ್ರಿ ಹಳ್ಳಿ ಸೇರಲು ಇಡೀ ದಿನ ಬೇಕು. ಡಿಸೆಂಬರ್ ಕೊನೆಗೆ ಐದು ಜನ ಹೋಗಿದ್ದೆವು.

ಎರಡು ತಿಂಗಳ ಮುಂಚೆ ತಯಾರಿ ಶುರು. ಬ್ಯಾಗಿನಲ್ಲಿ ಎಂಟು ಕಿಲೋ ಜೋಳ ತುಂಬಿಕೊಂಡು ಉತ್ತರ ಕೋಟೆಯ ಮೆಟ್ಟಿಲು ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಅಗಸ್ತ್ಯ ತೀರ್ಥ ಕೆರೆಯ ಹತ್ತಿರ ಬಟ್ಟೆ ಒಗೆಯುವವರು ನೋಡಿ ನಗುತ್ತಿದ್ದರು. ಉಸಿರಿಗೆ ಆ ಅಭ್ಯಾಸ ಸಾಕಾಯಿತು. ಕಾಲಿಗೆ ಸಾಕಾಗಲಿಲ್ಲ.

ನಮ್ಮ ಮರಳುಗಲ್ಲಿನ ಮೇಲೆ ಪಾದ ಹಗುರವಾಗಿ ಇಡಬೇಕು. ಶೂ ತುದಿಯನ್ನು ಮೆಲ್ಲಗೆ ಒತ್ತಿದರೆ ಬಂಡೆಯೇ ಹಿಡಿದುಕೊಳ್ಳುತ್ತದೆ. ಹಿಮದಲ್ಲಿ ಹಾಗೆ ಇಟ್ಟೆ, ಜಾರಿದೆ. ಮತ್ತೆ ಇಟ್ಟೆ, ಮತ್ತೆ ಜಾರಿದೆ. ಅಲ್ಲಿ ಒದೆಯಬೇಕು. ಹತ್ತುವಾಗ ಬೂಟಿನ ಮೂತಿಯಿಂದ ಎರಡು ಸಲ ಒದ್ದು ಮೆಟ್ಟಿಲು ಮಾಡಿಕೊಳ್ಳಬೇಕು. ಇಳಿಯುವಾಗ ಹಿಮ್ಮಡಿ ಊರಬೇಕು, ಮೈ ಹಿಂದಕ್ಕೆ ವಾಲಬಾರದು. ಹೆದರಿ ಹಿಂದಕ್ಕೆ ವಾಲಿದವರೇ ಮೊದಲು ಬೀಳುತ್ತಾರೆ. ಇದನ್ನು ಕಲಿಯಲು ನನಗೆ ಒಂದು ದಿನ ಹಿಡಿಯಿತು. ಬಾಡಿಗೆಗೆ ತಂದ ಮೈಕ್ರೋಸ್ಪೈಕ್‌ನ (ಜಾರದಂತೆ ಬೂಟಿನ ಮೇಲೆ ಎಳೆದು ಹಾಕುವ ಮೊಳೆಪಟ್ಟಿ) ರಬ್ಬರ್ ಮೊದಲ ದಿನವೇ ಹರಿಯಿತು. ಅಂಗಡಿಯಲ್ಲೇ ಎಳೆದು ನೋಡಬೇಕಿತ್ತು.

ಊಟದ ವಿಷಯದಲ್ಲಿ ಮಾತ್ರ ಊರು ಕೈಬಿಡಲಿಲ್ಲ. ಅಮೀನಗಡದ ಕರದಂಟು ರಾತ್ರಿಯ ಚಳಿಗೆ ಕಲ್ಲಾಯಿತು. ಅಂಗಿಯೊಳಗಿನ ಜೇಬಿನಲ್ಲಿ ಇಟ್ಟುಕೊಂಡು ಮೆತ್ತಗೆ ಮಾಡಿ ತಿನ್ನಬೇಕಾಯಿತು. ಕಟಕ್ ರೊಟ್ಟಿಗೆ ಏನೂ ಆಗಲಿಲ್ಲ. ಅದರಲ್ಲಿ ನೀರೇ ಇಲ್ಲ, ಹೆಪ್ಪುಗಟ್ಟುವುದು ಎಲ್ಲಿಂದ? ಶೇಂಗಾ ಚಟ್ನಿ ಪುಡಿ ಜೊತೆ ಗೈಡ್ ಕೂಡ ಎರಡು ರೊಟ್ಟಿ ತಿಂದ.

ಜೂಡಾ ಕಾ ತಾಲಾಬ್ ಅನ್ನುವ ಕೆರೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಅದಕ್ಕಿಂತ ಮುಂದಿನ ಕ್ಯಾಂಪಿನಲ್ಲಿ ಗೈಡ್ ಹಿಮದ ಪದರ ನೋಡಲು ತೋಡಿದ ಗುಂಡಿ ಜಾಸ್ತಿ ಇಷ್ಟವಾಯಿತು. ಮೊಣಕಾಲೆತ್ತರದ ಗುಂಡಿ. ಅದರ ಗೋಡೆಯಲ್ಲಿ ಪದರ ಪದರ ಕಂಡವು, ಥೇಟ್ ನಮ್ಮ ಗುಡ್ಡದ ಬಂಡೆಯ ಹಾಗೆ. ಮೇಲೆ ಹಿಟ್ಟಿನಂಥ ಹೊಸ ಹಿಮ. ಅದರ ಕೆಳಗೆ ಹಪ್ಪಳದಂಥ ಗಟ್ಟಿ ಪದರ: ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದದ್ದು. ತಳದಲ್ಲಿ ದಪ್ಪ ರವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಲ್ಲ, ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಹಿಮದ ಕೆಳಗಿನ ನೆಲ ಮೇಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ಅದರಿಂದ ಆವಿ ಮೇಲೇರುತ್ತಾ ಏರುತ್ತಾ ತಳದ ಕಣಗಳು ಮೂಲೆ ಮೂಲೆಯಾಗಿ ಬೆಳೆದು ಒಂದಕ್ಕೊಂದು ಅಂಟುವುದನ್ನು ಬಿಡುತ್ತವೆ. ಹಿಮ ತೆಳುವಾಗಿದ್ದಷ್ಟೂ ಇದು ಜಾಸ್ತಿ. ಇಂಥ ರವೆಯ ಮೇಲೆ ಭಾರದ ಪದರ ಕೂತು, ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಹಿಮಕುಸಿತದ ಭಯ. ಕಾಲಿಟ್ಟಾಗ ಕೆಳಗಿನಿಂದ 'ಧುಪ್' ಅಂತ ಸದ್ದು ಬಂದರೆ ಆ ಇಳಿಜಾರು ಬಿಟ್ಟು ವಾಪಸ್ ಬರಬೇಕು. ನಮ್ಮ ದಾರಿ ಬಹುತೇಕ ಕಾಡು ಮತ್ತು ಗುಡ್ಡದ ಏಣಿನ ಮೇಲೆ ಇತ್ತು. ಆದರೂ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಹೊರಟೆವು. ಸೂರ್ಯೋದಯ ನೋಡೋಕೆ ಇಷ್ಟು ಬೇಗ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ: ಆ ಹೊತ್ತಲ್ಲಿ ಮೇಲಿನ ಪದರ ಗಟ್ಟಿ, ಮನುಷ್ಯನ ಭಾರ ಹೊರುತ್ತದೆ. ಬಿಸಿಲೇರಿದರೆ ಅದೇ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ತುದಿಯಿಂದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳೆಲ್ಲ ಕಂಡವು. ಅದರ ವರ್ಣನೆ ನನ್ನ ಕೈಲಾಗಲ್ಲ, ಬಿಡಿ.

ನಾವು ಮೇಲೆ ಜಾಸ್ತಿ ಹೊತ್ತು ಕೂತೆವು. ಇಳಿಯುವಾಗ ಹತ್ತೂವರೆ. ಕಾಲು ಹೂತುಹೋಗತೊಡಗಿದವು. ದಾರಿ ಪಕ್ಕದಲ್ಲಿ ಒಂದು ಬಂಡೆ ತಲೆ ಎತ್ತಿಕೊಂಡಿತ್ತು. ಬಾದಾಮಿಯವನಿಗೆ ಬಂಡೆ ಕಂಡರೆ ಧೈರ್ಯ. ಸೀದಾ ಅದರ ಹತ್ತಿರ ಹೆಜ್ಜೆ ಹಾಕಿದೆ. ತೊಡೆವರೆಗೆ ಇಳಿದುಹೋದೆ. ಬಿಸಿಲಿಗೆ ಬಂಡೆ ಕಾದು ಸುತ್ತಲಿನ ಹಿಮವನ್ನು ಒಳಗಿನಿಂದ ಪೊಳ್ಳು ಮಾಡಿರುತ್ತದಂತೆ. ಮರದ ಬುಡದಲ್ಲೂ ಹೀಗೇ ಪೊಳ್ಳು ಇರುತ್ತದೆ. ಗೈಡ್ ಬಂದು ಬೂಟಿನ ಸುತ್ತ ತೋಡಿ ಎಳೆದ. ಬೂಟಿನೊಳಗೆ ಹಿಮ ತುಂಬಿತ್ತು. ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್ ಹಾಕಿರಲಿಲ್ಲ, ಸುಮ್ನೆ ಬ್ಯಾಗಿನಲ್ಲಿತ್ತು.

ಸಂಜೆಗೆ ಮುಖ ಉರಿಯತೊಡಗಿತು. ಹೊಸ ಹಿಮ ಬಿಸಿಲಿನ ಶೇಕಡಾ 80ಕ್ಕೂ ಜಾಸ್ತಿ ವಾಪಸ್ ಎಸೆಯುತ್ತದೆ. ಕೆಳಗಿನಿಂದ ಬರುವ ಬಿಸಿಲಿಗೆ ಟೋಪಿ ಏನು ಮಾಡೀತು? ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಒಳಗೆ ಕೂಡ ಸುಟ್ಟಿತ್ತು.

ವಾಪಸ್ ಬಂದಾಗ ಬನಶಂಕರಿ ಜಾತ್ರೆ ನಡೆದಿತ್ತು. ಮೂಗಿನ ಚರ್ಮ ಸುಲಿಯುತ್ತಿತ್ತು. ಸಿಕ್ಕವರೆಲ್ಲ "ಮುಖಕ್ಕ ಏನಾತೋ?" ಅಂತ ಕೇಳಿದರು. ಬಿಸಿಲಿಗೆ ಸುಟ್ಟಿತು ಅಂದೆ. ಹಿಮದಲ್ಲಿ ಅಂದೆ. ಮಿರ್ಚಿ ಅಂಗಡಿಯವನಂತೂ ನಾನು ಎಣ್ಣೆ ಬಾಣಲೆಯ ಮೇಲೆ ಬಗ್ಗಿದ್ದೆ ಅಂತಲೇ ಇವತ್ತಿಗೂ ನಂಬಿದ್ದಾನೆ.