ಪುಣೆಯಲ್ಲಿ ಹ್ಯಾಮ್ ರೇಡಿಯೋ ಎಮರ್ಜೆನ್ಸಿ ಟೀಮ್ ಕಟ್ಟೋರಿಗೆ: ಮೊದಲು ಮೆಸೇಜ್ ದಾಟಿಸೋದು ಕಲೀರಿ

ಪುಣೆ ಕಡೆ ಇರೋ ನಮ್ಮ ಕನ್ನಡದವರಲ್ಲಿ ಹ್ಯಾಮ್, ಅಂದ್ರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇರೋರು, ತಗೋಬೇಕು ಅಂತಿರೋರು ಇದ್ದೀರಿ, ಆದ್ರೆ ಸೆಟ್ ಕೈಗೆ ಬಂದ್ಮೇಲೆ ದೂರದ ದೇಶದವರ ಹತ್ರ ಮಾತಾಡೋದ್ರಲ್ಲೇ ಟೈಮ್ ಹೋಗಿಬಿಡತ್ತೆ, ನೀರು ನುಗ್ಗಿದ ದಿನ ಏನು ಮಾಡ್ಬೇಕು ಅನ್ನೋ ಪ್ರಾಕ್ಟೀಸ್ ಮಾತ್ರ ಆಗಿರಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಹಳ್ಳ ಉಕ್ಕಿದ್ದು, 2024ರ ಜುಲೈ 25ಕ್ಕೆ ಖಡಕ್‌ವಾಸ್ಲಾ ಡ್ಯಾಮ್‌ನಿಂದ ನೀರು ಬಿಟ್ಟಾಗ ಸಿಂಹಗಡ ರೋಡಿನ ಏಕತಾ ನಗರಿಯೊಳಗೆ ನೀರು ಬಂದಿದ್ದು ಇಲ್ಲಿನೋರಿಗೆ ನೆನಪಿರತ್ತೆ. ಇಂಥ ದಿನ ಮೊದಲು ಹೋಗೋದು ಕರೆಂಟು, ಮೊಬೈಲ್ ಟವರ್ ಬ್ಯಾಟರಿ ಮೇಲೆ ಸ್ವಲ್ಪ ಹೊತ್ತು ನಡೆಯತ್ತೆ, ಆಮೇಲೆ ಉಳಿದಿರೋ ಟವರ್ ಮೇಲೆ ಊರೆಲ್ಲ ಒಟ್ಟಿಗೆ ಬಿದ್ದು ಕಾಲ್ ಕನೆಕ್ಟೇ ಆಗಲ್ಲ.

ಲೈಸೆನ್ಸ್ ವಿಷಯ ಚಿಕ್ಕದಾಗಿ ಹೇಳ್ತೀನಿ. 12 ವರ್ಷ ಆಗಿರೋ ಯಾರು ಬೇಕಾದ್ರೂ ಪರೀಕ್ಷೆ ಬರೀಬಹುದು, ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಕೋಡ್ (ಚುಕ್ಕೆ-ಗೆರೆ ಸದ್ದಿನ ಭಾಷೆ) ಬೇಕಿಲ್ಲ, ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು. ಎಮರ್ಜೆನ್ಸಿ ಕೆಲಸಕ್ಕೆ ರಿಸ್ಟ್ರಿಕ್ಟೆಡ್‌ನಿಂದ ಧಾರಾಳವಾಗಿ ಶುರು ಮಾಡಿ. ಲೈಸೆನ್ಸ್ ಬರೋ ತನಕ ಟ್ರಾನ್ಸ್‌ಮಿಟ್ ಬಟನ್ ಮುಟ್ಟಬೇಡಿ, ಸೀನಿಯರ್ ಒಬ್ಬರ ಪಕ್ಕ ಕೂತು ಕೇಳಿ, ಲಾಗ್ ಬರೀರಿ, ಅರ್ಧ ಟ್ರೇನಿಂಗ್ ಅಲ್ಲೇ ಆಗತ್ತೆ.

ಆಮೇಲೆ ಊರಿನ ಗುಡ್ಡಗಳನ್ನ ತಿಳ್ಕೊಳ್ಳಿ. ಕೈಲಿ ಹಿಡಿಯೋ 5 ವಾಟ್ ಸೆಟ್‌ನಿಂದ 2 ಮೀಟರ್ ಬ್ಯಾಂಡ್‌ನಲ್ಲಿ, ಅಂದ್ರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಸಿಗ್ನಲ್ ಹೆಚ್ಚುಕಮ್ಮಿ ಕಣ್ಣಿಗೆ ಕಾಣೋ ನೇರಕ್ಕೆ ಹೋಗತ್ತೆ. ಸಿಂಹಗಡ ರೋಡ್ ಕಡೆಯಿಂದ ಸಹಕಾರನಗರಕ್ಕೆ ಮಧ್ಯೆ ತಳಜಾಯಿ ಗುಡ್ಡ ಅಡ್ಡ. ರಿಪೀಟರ್, ಅಂದ್ರೆ ಎತ್ತರದಲ್ಲಿದ್ದು ಬಂದ ಸಿಗ್ನಲ್‌ನ ಮತ್ತೆ ಕಳಿಸೋ ಸ್ಟೇಷನ್, ನಡೀತಿದ್ರೆ ಸರಿ, ಅದರ ಕರೆಂಟೂ ಹೋದ್ರೆ? ಅದಕ್ಕೇ ಗುಡ್ಡದ ಮೇಲೆ ಒಬ್ಬರನ್ನ ನಿಲ್ಲಿಸಿ ಈ ಕಡೆ ಮಾತು ಆ ಕಡೆಗೆ ರಿಲೇ ಮಾಡೋದನ್ನ, ರಿಪೀಟರ್ ಪೂರ್ತಿ ಬಿಟ್ಟು, ಪ್ರಾಕ್ಟೀಸ್ ಮಾಡ್ಲೇಬೇಕು. ಸೆಟ್ ಜೊತೆ ಬರೋ ಗಿಡ್ಡ ರಬ್ಬರ್ ಆಂಟೆನಾ ಬದಲು ಸುಮಾರು 49 ಸೆಂಟಿಮೀಟರ್‌ನ ಕ್ವಾರ್ಟರ್ ವೇವ್ (ತರಂಗದ ಉದ್ದದ ಕಾಲು ಭಾಗ) ಕಡ್ಡಿ ಹಾಕಿ, ಸೆಟ್ಟನ್ನ ನೆಟ್ಟಗೆ ಹಿಡೀರಿ, ಆಗದಿದ್ರೆ ಎರಡು ಮಹಡಿ ಮೇಲೆ ಹೋಗಿ. ಇಷ್ಟಕ್ಕೇ ಎಷ್ಟೋ ಸಲ ಕೆಲಸ ಆಗತ್ತೆ.

ಈಗ ಮುಖ್ಯ ವಿಷಯ. ನನ್ನ ಪ್ರಕಾರ ಎಮರ್ಜೆನ್ಸಿ ಹ್ಯಾಮ್ ಅಂದ್ರೆ ಚೆನ್ನಾಗಿ ಮಾತಾಡೋನಲ್ಲ, ಬೇರೆಯವರು ಬರೆದುಕೊಟ್ಟ ನಾಲ್ಕು ಸಾಲನ್ನ ಒಂದಕ್ಷರ ತಪ್ಪದೆ ಆಚೆ ದಡಕ್ಕೆ ಮುಟ್ಟಿಸೋನು. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸದ ಕೆಲಸಕ್ಕೆ ಅಂತ ಪೋರ್ಟ್ ಬ್ಲೇರ್‌ಗೆ ಹೋಗಿತ್ತು, 26ಕ್ಕೆ ಸುನಾಮಿ ಬಂದ್ಮೇಲೆ ಅದೇ ಸೆಟ್‌ಗಳಲ್ಲಿ ಅಂಡಮಾನ್‌ನಿಂದ ಮೇನ್‌ಲ್ಯಾಂಡ್‌ಗೆ ಜನರ ಸುದ್ದಿ ದಾಟಿಸ್ತಾ ಕೂತ್ರು.

ಪ್ರಾಕ್ಟೀಸ್‌ಗೆ ಒಂದು ಮೆಸೇಜ್ ತಗೊಳ್ಳಿ: "ಶಾಲೆಯಲ್ಲಿ 46 ಜನ, ಕುಡಿಯುವ ನೀರು ಇಲ್ಲ, ಇನ್ಸುಲಿನ್ ತುರ್ತು, ದೋಣಿ ಬೇಡ, ರಸ್ತೆ ತೆರೆದಿದೆ." ಇದರ ಮೇಲೆ ಮೆಸೇಜ್ ನಂಬರ್, ಎಮರ್ಜೆನ್ಸಿನೋ ಪ್ರಯಾರಿಟಿನೋ ರೊಟೀನೋ, ಯಾರಿಂದ, ಯಾರಿಗೆ, ಎಷ್ಟು ಗಂಟೆಗೆ ಬರೆದದ್ದು, ಒಟ್ಟು ಎಷ್ಟು ಪದ ಅಂತ ಇರಬೇಕು. ಇಲ್ಲಿ 12 ಪದ. ಓದೋನು ಮೂರು ಮೂರು ಪದ ಓದಿ ನಿಲ್ಲಿಸ್ಬೇಕು, ಯಾಕಂದ್ರೆ ಆ ಕಡೆ ಇರೋನು ಪೆನ್ನಲ್ಲಿ ಬರೀತಿದ್ದಾನೆ, ಓದೋನೂ ತಾನೇ ಗಾಳಿಯಲ್ಲಿ ಬೆರಳಲ್ಲಿ ಬರೀತಾ ಓದಿದ್ರೆ ವೇಗ ತಾನಾಗೇ ಸರಿಹೋಗತ್ತೆ. ಬರೆದೋನು ಪದ ಎಣಿಸ್ತಾನೆ, 11 ಬಂದ್ರೆ ಒಂದು ಎಲ್ಲೋ ಬಿದ್ದಿದೆ, ಆಗ ಪೂರ್ತಿ ಕೇಳಬಾರದು, "ದೋಣಿ ಆದ್ಮೇಲಿನ ಪದ ಹೇಳಿ" ಅಂತ ಅಷ್ಟನ್ನೇ ಕೇಳೋದು. ಆದ್ರೆ "ಬೇಡ" ಅನ್ನೋದು ಗರಗರ ಸದ್ದಿನಲ್ಲಿ "ಬೇಕು" ಅಂತ ಕೇಳಿಸಿದ್ರೆ ಎಣಿಕೆ 12ಕ್ಕೆ 12 ಸರಿಯಾಗೇ ಇರತ್ತೆ, ದೋಣಿ ಮಾತ್ರ ಬೇರೆ ಕಡೆ ಬೇಕಾದವರನ್ನ ಬಿಟ್ಟು ಇಲ್ಲಿಗೆ ಬರತ್ತೆ! ಅದಕ್ಕೇ ಬರೆದೋನು ಕೊನೆಗೆ ಪೂರ್ತಿ ವಾಪಸ್ ಓದಿ ಹೇಳ್ಬೇಕು, ಕಳಿಸಿದೋನು ಸರಿ ಅಂದ್ಮೇಲೇ ರೋಜರ್, ಅಂದ್ರೆ ಪೂರ್ತಿ ಸಿಕ್ತು ಅನ್ನೋ ಮಾತು. ಅಂಕಿ ಒಂದೊಂದೇ ಇಂಗ್ಲಿಷಲ್ಲಿ, ಫೋರ್, ಸಿಕ್ಸ್ ಅಂತ, ನಮ್ಮಲ್ಲಿ ಮರಾಠಿಯವರೂ ಇರ್ತಾರೆ, ಸಾತ್ ಅಂದ್ರೆ 7, ಸಾಠ್ ಅಂದ್ರೆ 60, ರೇಡಿಯೋದಲ್ಲಿ ಎರಡೂ ಒಂದೇ ಥರ ಕೇಳತ್ತೆ. ಹೆಸರನ್ನ ಅಕ್ಷರ ಅಕ್ಷರವಾಗಿ, ಎ ಗೆ ಆಲ್ಫಾ, ಬಿ ಗೆ ಬ್ರಾವೋ, ಸಿ ಗೆ ಚಾರ್ಲಿ ಅಂತ ಬಿಡಿಸಿ ಹೇಳಿ.

ಇನ್ನೊಂದು, ನಾವು ಆಡೋದು ಯಾರ ಸೆಟ್‌ನಲ್ಲಾದ್ರೂ ಕೇಳತ್ತೆ. ತೀರಿಕೊಂಡವರ ಹೆಸರು ಗಾಳಿಗೆ ಬಿಡಬೇಡಿ. ಮನೆಯವರಿಗೆ ಆ ಸುದ್ದಿ ಹಾಗೆ ಗೊತ್ತಾಗಬಾರದು.

ವಾರಕ್ಕೊಂದು ಸಲ ನೆಟ್, ಅಂದ್ರೆ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರೋ ಮಾತುಕತೆ, ಮಾಡಿ, ಒಬ್ಬರು ಅದನ್ನ ನಡೆಸೋ ನೆಟ್ ಕಂಟ್ರೋಲ್, ಇನ್ನೊಬ್ಬರು ಬ್ಯಾಕಪ್, ಪ್ರತಿ ವಾರ ಬೇರೆಯವರು, ಹೊಸಬರಿಗೂ ಕೊಡಿ. ಕಂಟ್ರೋಲ್ ಕರೆಯೋ ತನಕ ಯಾರೂ ಬಾಯಿ ಹಾಕಬಾರದು. ಎಫ್‌ಎಮ್‌ನಲ್ಲಿ ಇಬ್ಬರು ಒಟ್ಟಿಗೆ ಒತ್ತಿದ್ರೆ ಜೋರು ಸಿಗ್ನಲ್ ಇರೋನ ಮಾತು ಮಾತ್ರ ಕೇಳಿಸತ್ತೆ, ನೀರಿನ ಮಧ್ಯೆ ಬ್ಯಾಟರಿ ಇಳಿದ ಸೆಟ್ ಹಿಡ್ಕೊಂಡಿರೋನು ಕರೆದಿದ್ದೇ ಗೊತ್ತಾಗಲ್ಲ. ಆದ್ದರಿಂದ ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತು, ಎರಡು ಮಾತಿನ ನಡುವೆ ಸ್ವಲ್ಪ ಖಾಲಿ ಜಾಗ, ತುರ್ತಾಗಿ ಮಧ್ಯೆ ಬರೋಕೆ ಬ್ರೇಕ್ ಅನ್ನೋರಿಗೆ ಅಂತ.

ಊರಾಚೆಗೆ ಮಾತಾಡೋಕೆ 40 ಮೀಟರ್ ಬ್ಯಾಂಡ್, ಅಂದ್ರೆ 7 ಮೆಗಾಹರ್ಟ್ಸ್ ಆಸುಪಾಸು. ಒಂದೊಂದು ಕಡೆ ಸುಮಾರು 10 ಮೀಟರ್ ವೈರ್ ಇರೋ ಡೈಪೋಲ್ ಆಂಟೆನಾನ ಎತ್ತರ ಕಟ್ಟೋ ಹಠ ಬೇಡ, ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದ್ರೆ ಸಿಗ್ನಲ್ ನೇರ ಮೇಲಕ್ಕೆ ಹೋಗಿ ಅಯನೋಸ್ಫಿಯರ್‌ಗೆ (ವಾತಾವರಣದ ಮೇಲಿನ ಪದರ) ಬಡಿದು ಸುತ್ತಲಿನ ಕೆಲವು ನೂರು ಕಿಲೋಮೀಟರ್‌ಗೆ ಇಳಿಯತ್ತೆ, ಹಗಲಲ್ಲಿ ಕೊಲ್ಲಾಪುರ, ಬೆಳಗಾವಿ ಇದರಲ್ಲೇ ಸಿಗತ್ತೆ. ನಮ್ಮ ಭಾಗದಲ್ಲಿ ಎಮರ್ಜೆನ್ಸಿಗೆ ಕಿವಿಗೊಡೋ ಫ್ರೀಕ್ವೆನ್ಸಿ 7.110 ಮೆಗಾಹರ್ಟ್ಸ್, ಅದನ್ನ ಸೆಟ್‌ನ ಮೆಮೊರಿಗೆ ಹಾಕಿಡಿ. 100 ವಾಟ್ ಸೆಟ್ ಪೂರ್ತಿ ಪವರ್‌ನಲ್ಲಿ ಸುಮಾರು 20 ಆಂಪಿಯರ್ ಎಳೆಯತ್ತೆ, ಯುಪಿಎಸ್‌ನ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅದಕ್ಕೆ ಸಾಲಲ್ಲ, ಪವರ್ 20 ವಾಟ್‌ಗೆ ಇಳಿಸಿ, ಕೇಳೋದೇ ಜಾಸ್ತಿ ಮಾಡಿ.

ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಎಲ್ಲರ ಮೊಬೈಲ್ ಸ್ವಿಚ್ ಆಫ್ ಮಾಡಿಸಿ ನಿಜವಾದ ಡ್ರಿಲ್ ಇಟ್ಕೊಳ್ಳಿ, ಒಂದೊಂದು ಜಾಗಕ್ಕೆ ಇಬ್ಬರು, ಒಬ್ಬ ಮಾತಿಗೆ, ಒಬ್ಬ ಬರೆಯೋದಕ್ಕೆ. ಸಂಜೆ ಎಲ್ಲ ಸೇರಿ ಕಳಿಸಿದ ಚೀಟಿ, ಮುಟ್ಟಿದ ಚೀಟಿ ಜೋಡಿಸಿ ನೋಡಿ, ಬದಲಾದ ಪದಕ್ಕೆ ಕೆಂಪು ಗೆರೆ ಹಾಕಿ, ಯಾವ ಜಾಗದಲ್ಲಿ ಬದಲಾಯ್ತು ಅಂತ ಹುಡುಕಿ. ಯಾರನ್ನೂ ಬೈಬೇಡಿ, ಬೈದ್ರೆ ಮುಂದಿನ ಸಲ ತಪ್ಪು ಮುಚ್ಚಿಡ್ತಾರೆ.

ಇಷ್ಟು ಕೈಗೆ ಹತ್ತಿದ ಮೇಲೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣೆ ವಿಭಾಗಕ್ಕೆ ಹೋಗಿ. ಒಂದೇ ಹಾಳೆ ಸಾಕು: ಎಷ್ಟು ಜನ ಆಪರೇಟರ್‌ಗಳು, ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗೋ ಗುರುತು), ಯಾರು ಯಾವ ಏರಿಯಾ, ಎಲ್ಲಿಂದ ಎಲ್ಲಿಗೆ ರಿಪೀಟರ್ ಇಲ್ಲದೆ ಸಿಗತ್ತೆ, ಹಿಂದಿನ ಡ್ರಿಲ್‌ನಲ್ಲಿ ಎಷ್ಟು ಮೆಸೇಜ್ ಸರಿಯಾಗಿ ಮುಟ್ಟಿದೆ. ಮೇ ತಿಂಗಳಲ್ಲೇ ಹೋಗಿ, ಮಳೆ ಶುರುವಾದ್ಮೇಲೆ ಅವರಿಗೆ ಕೂತು ಮಾತಾಡೋಕೆ ಪುರುಸೊತ್ತು ಇರಲ್ಲ.